ಕಚೇರಿ ತೋರಿಸುವವನು

ಬಂಟ್ವಾಳದ ಹಳೆಯ ತಾಲೂಕು ಕಚೇರಿಯನ್ನು ಮ್ಯೂಸಿಯಂ ಮಾಡುವಾಗ, ಬಿದ್ದ ಗೋಡೆಗೆ ಕೆಂಪುಕಲ್ಲು ಕಟ್ಟಿದವನು ನಾನು. ನನ್ನ ಜೊತೆ ಕೆಲಸಕ್ಕಿದ್ದ ಇನ್ನೊಬ್ಬ ಮಾಡಿಗೆ ಹಂಚು ಎತ್ತಿಕೊಟ್ಟವನು. ರಿಪೇರಿ ಮುಗಿದ ಮೇಲೆ, ಬಂದವರಿಗೆ ಕಟ್ಟಡ ತೋರಿಸುವ ಕೆಲಸ ಅವನಿಗೆ ಸಿಕ್ಕಿತು. ನನಗೆ ಹೊಟ್ಟೆ ಉರಿಯಿತು.

ಗೋಡೆಯ ದಪ್ಪ ತೋರಿಸಲು ಅವನು ಕಿಟಕಿಯೊಳಗೆ ಭುಜದವರೆಗೆ ಕೈ ಚಾಚುತ್ತಿದ್ದ. ಯಾರಾದರೂ ಅವಸರ ಮಾಡಿದರೆ, "ನಿಧಾನ ನೋಡಿ, ಕಟ್ಟಡ ಎಲ್ಲಿಗೂ ಓಡುವುದಿಲ್ಲ" ಎನ್ನುತ್ತಿದ್ದ. ಎಲ್ಲರಿಗೂ ಅದೇ ಮಾತು, ಎಲ್ಲರೂ ನಗುತ್ತಿದ್ದರು.

ಒಂದು ದಿನ ನಾನು ಕಟ್ಟಿದ ಗೋಡೆ ತೋರಿಸಲು ಅಮ್ಮನನ್ನು ಕರೆದುಕೊಂಡು ಹೋದೆ. ಅಮ್ಮ ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಕಿಟಕಿಯ ಹೊರಗೆ ಕೈಕಟ್ಟಿ ನಿಂತುಬಿಟ್ಟಳು.

"ಒಳಗೆ ಬಾ ಅಮ್ಮ. ಈಗ ಇಲ್ಲಿ ಆಫೀಸರೂ ಇಲ್ಲ, ಎಂತದೂ ಇಲ್ಲ" ಎಂದು ಕೈ ಎಳೆದೆ.

"ಬೇಡ ಮಾರಾಯ. ಭೂಮಿ ಕೇಸಿಗೆ ನನ್ನ ಅಪ್ಪನ ಜೊತೆ ಬಂದಾಗಲೂ ಇಲ್ಲೇ ನಿಂತದ್ದು. ಇಲ್ಲಿಂದಲೇ ಕಾಣ್ತದೆ."

ಒಳಗಿನಿಂದ ಅದನ್ನು ಕೇಳಿ ಅವನು ಹೊರಗೆ ಬಂದ. ಅಮ್ಮನ ಚಪ್ಪಲಿಯ ಪಕ್ಕ ತನ್ನದನ್ನೂ ಬಿಟ್ಟ.

"ನಿಮ್ಮ ಅಪ್ಪನನ್ನು ಕಾಯಿಸಿದ ಸಾಹೇಬರ ಕುರ್ಚಿ ಒಳಗೆ ಉಂಟು ಅಮ್ಮ. ಕೂತು ನೋಡುವ, ಬನ್ನಿ."

ಅಮ್ಮ ನಗುತ್ತಾ ಒಳಗೆ ಹೋದಳು. ಕುರ್ಚಿಯಲ್ಲಿ ಕೂತಳು. ಆಮೇಲೆ ಅವನೇ ಅವಳನ್ನು ನನ್ನ ಗೋಡೆಯ ಮುಂದೆ ನಿಲ್ಲಿಸಿದ.

"ಇದು ನಿಮ್ಮ ಮಗ ಕಟ್ಟಿದ್ದು. ಹಳೆಯದು ಎಲ್ಲಿ ಮುಗಿದಿದೆ, ಹೊಸದು ಎಲ್ಲಿ ಶುರುವಾಗಿದೆ, ಹೇಳಿ ನೋಡುವ?"

ಅಮ್ಮ ಕಲ್ಲು ತಡವುತ್ತಾ ಹುಡುಕಿದಳು. ಸಿಗಲಿಲ್ಲ. ಆ ಪ್ರಶ್ನೆ ನಾನೇ ಕೇಳಬೇಕೆಂದು ಅವಳನ್ನು ಅಲ್ಲಿಯವರೆಗೆ ಕರೆತಂದಿದ್ದೆ.

ಅಮ್ಮ ನನ್ನ ಕಡೆ ತಿರುಗಿ, "ಎಷ್ಟು ಚಂದ ಹೇಳ್ತಾನೆ ಮಾರಾಯ ಇವನು!" ಎಂದಳು.