ಗಾಜಿನ ಮೇಲೆ ಎರಡು ಬಡಿತ

ಕಳೆದ ಜುಲೈ ತಿಂಗಳ ಎರಡನೇ ಬುಧವಾರ, ಪುಣೆಯ ನಮ್ಮ ರೇಡಿಯೋ ಕೇಂದ್ರದ ಹಳೆಯ ಮ್ಯಾನೇಜರ್ ವಸಂತರಾವ್ ಸರ್ ಖಡಕಿಯ ತಮ್ಮ ಮನೆಯಲ್ಲಿ ತೀರಿಕೊಂಡರು. ಮರುದಿನ ರಾತ್ರಿ ನಡೆದದ್ದನ್ನು ಬರೆಯುತ್ತಿದ್ದೇನೆ. ನಾನು ಸುದ್ದಿ ಓದುವವನು. ಕೇಳಿದ್ದಕ್ಕೆ ಒಂದು ಪದವನ್ನೂ ಸೇರಿಸಿಲ್ಲ.

ವಾರಕ್ಕೊಮ್ಮೆ ಬರುವ ಕನ್ನಡ ಕಾರ್ಯಕ್ರಮಕ್ಕೆ ಅವರು ಹುಡುಕಿ ತಂದು ಬೆಳೆಸಿದವರಲ್ಲಿ ನಾನೂ ಒಬ್ಬ. ಹೊಸಬರು ಓದುವಾಗ ಸರ್ ಸ್ಟುಡಿಯೋದ ಗಾಜಿನಾಚೆ ಲವಂಗ ಅಗಿಯುತ್ತ ಕೂರುತ್ತಿದ್ದರು. ತಪ್ಪಿದರೆ ಬೈಯುತ್ತಿರಲಿಲ್ಲ. ಬೆರಳಿನ ತಾಮ್ರದ ಉಂಗುರದಿಂದ ಗಾಜಿಗೆ ಎರಡು ಸಲ... ಟಕ್, ಟಕ್. ತಿದ್ದಿ ಓದು ಎಂದರ್ಥ.

"ಮಂದಿ ಏನ್ ಹೊಡಿಯಂಗಿಲ್ಲೋ. ತಪ್ಪಾತು ಅಂತ ಹೇಳು, ಮತ್ತ ಓದು," ಎನ್ನುತ್ತಿದ್ದರು.

ಒಮ್ಮೆ ಅವರು ಊಟಕ್ಕೆ ಹೋಗಿದ್ದಾಗ, ಶಿರೂರು ರಸ್ತೆಯ ಸೇತುವೆ ಕುಸಿದಿದೆ ಎಂದು ಯಾರೋ ಫೋನಿನಲ್ಲಿ ಹೇಳಿದ್ದನ್ನು ವಿಚಾರಿಸದೆ ನೇರಪ್ರಸಾರದಲ್ಲಿ ಓದಿಬಿಟ್ಟೆ. ಸೇತುವೆಗೆ ಏನೂ ಆಗಿರಲಿಲ್ಲ. ಕೇಂದ್ರದ ಮಾಲೀಕರು ಸಿಡಿದೆದ್ದರು.

"ಓದು ಅಂತ ಹೇಳಿದಾಂವ ನಾನ ರೀ," ಎಂದರು ಸರ್.

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ. ಅವರ ಕೆಲಸ ಹೋಯಿತು. ಈಗ ಅವರ ಕುರ್ಚಿಯಲ್ಲಿ ನಾನು ಕೂರುತ್ತೇನೆ.

ಆ ರಾತ್ರಿ ಒಂಬತ್ತಕ್ಕೆ ಶ್ರದ್ಧಾಂಜಲಿಯ ರೆಕಾರ್ಡಿಂಗ್. ಗಾಜಿನಾಚೆ ರೆಕಾರ್ಡಿಂಗ್ ಮಾಡುವ ಮಂಜುಳಾ ಒಬ್ಬಳೇ. ಹೊಸದಾಗಿ ಸೇರಿದವಳು, ಸರ್ ಅವರನ್ನು ನೋಡಿದವಳಲ್ಲ.

"ಅನಾರೋಗ್ಯದ ಕಾರಣ ಅವರು ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟರು..." ಎಂದು ಓದಿದೆ.

ಟಕ್, ಟಕ್.

"ಸರ್, ಟೇಬಲ್ ಬಡೀಬ್ಯಾಡ್ರೀ," ಎಂದಳು ಮಂಜುಳಾ.

"ನಾ ಬಡದಿಲ್ಲವಾ."

"ಮತ್ಯಾರ್ರೀ? ನಾ ಏನ್ ತಬಲಾ ಬಾರಸಾಕ ಕುಂತೀನೇನ್ರಿ?"

ನನ್ನ ಎರಡೂ ಕೈ ಕಾಗದದ ಮೇಲಿದ್ದವು. ಮತ್ತೆ ಓದಿದೆ. ಅದೇ ಸಾಲು... ಅದೇ ಬಡಿತ. ಮೂರನೇ ಸಲವೂ ಅಲ್ಲೇ. ಉಳಿದ ಕಡೆ ಏನೂ ಇಲ್ಲ. ಮುಚ್ಚಿದ ಕೋಣೆಯಲ್ಲಿ ಸಣ್ಣಗೆ ಲವಂಗದ ವಾಸನೆ...

ಮಂಜುಳಾ ಈಗ ನಗುತ್ತಿರಲಿಲ್ಲ. "ಸರ್... ಆ ಸಾಲೊಂದು ಬಿಟ್ಟಬಿಡ್ರಿ. ನನಗ ಒಂಥರಾ ಆಗ್ತದ."

ನಾಲ್ಕನೇ ಸಲ ಕಾಗದ ನೋಡದೆ ಹೇಳಿದೆ: "ಅಂದು ತಪ್ಪು ಓದಿದವನು ನಾನು. ಕೆಲಸ ಕಳೆದುಕೊಂಡವರು ಅವರು."

ಕಾದೆ. ಬಡಿತವಿಲ್ಲ. ಮಂಜುಳಾ ನನ್ನನ್ನೇ ನೋಡುತ್ತಿದ್ದಳು.

ಬೆಳಿಗ್ಗೆ ಏಳೂವರೆಗೆ ಪ್ರಸಾರಕ್ಕೆ ಕೊಟ್ಟದ್ದು ಮೂರನೇ ಸಲ ಓದಿದ್ದನ್ನು, ಆ ಸಾಲಿನ ಸಮೇತ. ಬಡಿತವನ್ನು ನಾನೇ ಕತ್ತರಿಸಿ ತೆಗೆದಿದ್ದೆ.

ಎಂಟಕ್ಕೆ ಸರ್ ಅವರ ಹೆಂಡತಿಯ ಫೋನ್. ಎಷ್ಟೋ ವರ್ಷ ದಿನಾ ಮಧ್ಯಾಹ್ನ ಅವರಿಗೆ ಸ್ಟುಡಿಯೋಕ್ಕೆ ಡಬ್ಬಿ ತರುತ್ತಿದ್ದವರು.

"ಛಲೋ ಓದಿದಿ ತಮ್ಮಾ. ಖರೆ... ನಡುವ ಇವರು ಗಾಜು ಬಡದಂಗ ಕೇಳಿಸ್ತಲ್ಲೋ. ಎರಡ ಸಲ. ಏನ್ ತಪ್ಪಿದ್ದೆಪಾ?"

"ಏನಿಲ್ಲ, ಕಾಕು," ಎಂದೆ.

ಪ್ರಸಾರವಾದ ಪ್ರತಿಯನ್ನು ಮಂಜುಳಾ ಮೂರು ಸಲ ಹಾಕಿ ಕೇಳಿದಳು. ಅದರಲ್ಲಿ ಬಡಿತವಿಲ್ಲ. ನಾಲ್ಕನೆಯದು ಇನ್ನೂ ಪ್ರಸಾರವಾಗಿಲ್ಲ.