ಅಬ್ರೆಹೆತ್ ಇಟ್ಟ ಕೇಕ್

ನೇಹಾ, ನಿಮ್ಮಜ್ಜಿ ಹೇಳೋದನ್ನ ಬರ್ಕೊಳ್ಳೇ. ನಮ್ಮ ಪಕ್ಕದ ಫ್ಲ್ಯಾಟಿನ ಅಬ್ರೆಹೆತ್ ಎರಿಟ್ರಿಯಾದವಳು. ಅಲ್ಲಿನ ಸರ್ಕಾರ ಅವಳ ಚರ್ಚನ್ನೇ ನಿಷೇಧಿಸಿತ್ತು. ಮನೇಲಿ ಪ್ರಾರ್ಥನೆ ಮಾಡಿದರೂ ಜೈಲು. ಅದಕ್ಕೇ ಮಧ್ಯೆ ಒಂದು ಕೇಕ್ ಇಟ್ಟುಕೊಂಡು ಕೂರೋರಂತೆ, ಪೊಲೀಸರು ಬಂದರೆ ‘ಹ್ಯಾಪಿ ಬರ್ತ್‌ಡೇ’ ಹಾಡೋಕೆ! ಇಲ್ಲಿ ನಮ್ಮ ಕಿಲೆಲೆಶ್ವಾ ಬಡಾವಣೆಗೆ ಬಂದಮೇಲೂ ಅವಳು ಕೇಕ್ ಇಡೋದು ಬಿಡಲಿಲ್ಲ. ಹತ್ತಿ ಥರ ಇರುತ್ತೆ ಕಣೇ, ನಿಮ್ಮಮ್ಮ ಮಾಡೋ ಕಲ್ಲಲ್ಲ.

ಇವತ್ತು ಅವಳ ಮನೆ ಪ್ರಾರ್ಥನೆಗೆ ನಾನೂ ಹೋಗಿದ್ದೆ. ಯಾರೋ ಬಾಗಿಲು ಬಡಿದರು. ತೆಗೆದರೆ ಯೂನಿಫಾರ್ಮು! ಎಲ್ಲರೂ ‘ಹ್ಯಾಪಿ ಬರ್ತ್‌ಡೇ’ ಶುರು ಮಾಡಿದರು, ನಾನೂ ಚಪ್ಪಾಳೆ ತಟ್ಟಿದೆ! ನೋಡಿದರೆ ನಮ್ಮ ಗೇಟಿನ ವಾಚ್‌ಮನ್.

“ಯಾರ ಬರ್ತ್‌ಡೇ, ಮಾಮಾ?” ಅಂದ. ಇಲ್ಲಿ ಮಾಮಾ ಅಂದರೆ ಅಮ್ಮ ಅಂತ ಕಣೇ.

ಅಬ್ರೆಹೆತ್ ಎದ್ದು ನಿಂತಳು. “ಯಾರದೂ ಅಲ್ಲ. ನಾವು ಪ್ರಾರ್ಥನೆ ಮಾಡ್ತಿದ್ದೀವಿ.”

“ಸವಾ, ಸರಿ ಮಾಮಾ, ಮಾಡಿ. ಕೆಳಗೆ ಯಾರದೋ ಕಾರು ಅಡ್ಡ ನಿಂತಿದೆ, ಅಷ್ಟೇ.”

ಅಯ್ಯೋ ನೇಹಾ, ಆಮೇಲೆ ಅಬ್ರೆಹೆತ್ ಬಾಗಿಲು ತೆರೆದಿಟ್ಟುಕೊಂಡೇ ದೇವರ ಹಾಡು ಹಾಡಿದಳು ಕಣೇ!