ನೀರು ಬರುವುದಿಲ್ಲ ಎಂದೆ

ಅಣ್ಣ ತೀರಿಕೊಂಡ ಮೂರನೆಯ ತಿಂಗಳಿಗೆ ನಾನು ವೇಲಚೇರಿಯಲ್ಲಿ ನೆಲಮಹಡಿಯ ಒಂದು ಫ್ಲಾಟಿನ ಒಡತಿಯಾದೆ. ಅಲ್ಲಿಯವರೆಗೆ ಮದ್ರಾಸೆಂದರೆ ನನಗೆ ಅಣ್ಣನ ಇನ್‌ಲ್ಯಾಂಡ್ ಪತ್ರಗಳ ಹಿಂಬದಿಯ ವಿಳಾಸ, ಅಷ್ಟೇ. ಅವನು ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ದುಡಿದ. ಮದುವೆಯಾಗಲಿಲ್ಲ. ನಿವೃತ್ತಿಯ ಹಣದಲ್ಲಿ ಆ ಫ್ಲಾಟು ಕೊಂಡು ಅದರಲ್ಲಿ ಎರಡು ವರ್ಷ ಕೂಡ ತುಂಬಿಸಲಿಲ್ಲ. ಒಂದು ಬೆಳಿಗ್ಗೆ ಹಾಲು ತರಲು ಹೋದವನು ಅಂಗಡಿಯ ಬೆಂಚಿನ ಮೇಲೆ ಕೂತಲ್ಲೇ ಹೋಗಿಬಿಟ್ಟ.

ನಾನು ತಿಪಟೂರಿನಲ್ಲಿ ಹೈಸ್ಕೂಲು ಶಿಕ್ಷಕಿ. ಗಂಡ ಹೋಗಿ ಆರು ವರ್ಷವಾಗಿತ್ತು. ಮಗಳು ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಹುಟ್ಟಿದಾಗಿನಿಂದ ಬಾಡಿಗೆ ಮನೆಯಲ್ಲೇ ಬದುಕಿದವಳು ನಾನು. ಗೋಡೆಗೆ ಮೊಳೆ ಹೊಡೆದರೆ ಓಡಿಬರುವ, ನೆಂಟರು ಎರಡು ದಿನ ಹೆಚ್ಚು ಉಳಿದರೆ ಬಾವಿಯ ಹಗ್ಗ ಎತ್ತಿಡುವ ಮಾಲೀಕರನ್ನು ಕಂಡಿದ್ದೆ. ನಾನೇನಾದರೂ ಮನೆ ಬಾಡಿಗೆಗೆ ಕೊಡುವವಳಾದರೆ ಹೀಗಿರುವುದಿಲ್ಲ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ.

ಬೇಸಿಗೆ ರಜೆಯಲ್ಲಿ ಹೋಗಿ ಬೀಗ ತೆಗೆದೆ. ಒಳಗೆ ಕಾದ ಸುಣ್ಣದ ವಾಸನೆ. ಅಣ್ಣನ ಮಂಚದ ನಾಲ್ಕೂ ಕಾಲಿನ ಕೆಳಗೆ ಎರಡೆರಡು ಇಟ್ಟಿಗೆ ಇದ್ದವು. ಗ್ಯಾಸ್ ಸಿಲಿಂಡರು ಸ್ಟೂಲಿನ ಮೇಲೆ, ಪುಸ್ತಕದ ಕಪಾಟಿನ ಕೆಳಗಿನ ಎರಡು ಅರೆ ಖಾಲಿ. ಒಂಟಿ ಗಂಡಸಿನ ವಿಚಿತ್ರ ಅಭ್ಯಾಸವೆಂದುಕೊಂಡೆ. ಬೀರು ಸರಿಸಿದಾಗ ಗೋಡೆಯ ಮೇಲೆ ಮೊಣಕಾಲೆತ್ತರದಲ್ಲಿ, ಸ್ಕೇಲಿಟ್ಟು ಎಳೆದಂತೆ, ಒಂದು ಕಂದು ಗೆರೆ ಕಾಣಿಸಿತು.

ಮೇಲಿನ ಮನೆಯಲ್ಲಿ ಅಯ್ಯಂಗಾರ್ ಹೆಂಗಸೊಬ್ಬರಿದ್ದರು. ಅವರ ತಾತನ ಕಾಲದಲ್ಲೇ ಮೈಸೂರು ಬಿಟ್ಟು ಮದ್ರಾಸು ಸೇರಿದ ಮನೆತನ. ವಿಮೆ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದರು. ಆ ಊರಿನಲ್ಲಿ ನನ್ನ ಕಿವಿಗೆ ಬಿದ್ದ ಕನ್ನಡವೆಂದರೆ ಅವರದೊಂದೇ. ಗೆರೆ ತೋರಿಸಿ ಕೇಳಿದೆ.

"ಅಯ್ಯೋ, ನಿಮ್ಮಣ್ಣ ಸೊಲ್ಲಲಿಲ್ವಾ ಮಾ? ಹೋದ ಕಾರ್ತೀಕದಲ್ಲಿ ಮಳೆ ಬಂತಲ್ಲ, ತಣ್ಣಿ ಒಳಗೇ ಬಂದ್ಬಿಡ್ತು. ಎರಡು ದಿವ್ಸ ಅವರು ನಮ್ಮ ಹಾಲಿನಲ್ಲೇ ಕೂತಿದ್ರು. ಪಾವಂ, ಒಂದು ಲೋಟ ಕಾಫಿಗೂ ಸಂಕೋಚ."

ಆ ಕಾರ್ತೀಕದಲ್ಲಿ ಅಣ್ಣ ಬರೆದ ಪತ್ರ ನನಗೆ ನೆನಪಿತ್ತು. 'ಇಲ್ಲಿ ಒಳ್ಳೆ ಮಳೆ, ಸೆಖೆ ತಗ್ಗಿದೆ' ಎಂದಿದ್ದ. ಆ ಸಂಜೆ ಅವನ ಮಂಚದ ಮೇಲೆ ಕೂತು ಬಹಳ ಹೊತ್ತು ಅತ್ತೆ. ಸತ್ತ ಸುದ್ದಿ ಬಂದಾಗಲೂ ಅಷ್ಟು ಅತ್ತಿರಲಿಲ್ಲ.

ಬ್ರೋಕರು ಮೊಪೆಡ್ಡಿನಲ್ಲಿ ಬಂದು ಮನೆ ನೋಡಿದ. ಗೆರೆಯನ್ನು ಬೆರಳಿನಿಂದ ಒಮ್ಮೆ ಸವರಿ, "ಮೊದಲ್ಲೆ ಪೇಂಟ್ ಅಡಿಂಗಮ್ಮಾ. ಮಳೆ ವಿಷಯಂ ಯಾರ್‌ಕಿಟ್ಟೆಯುಂ ಸೊಲ್ಲಾದೀಂಗ" ಎಂದ. ನನಗೆ ತಮಿಳು ಬಾರದಿದ್ದರೂ, ಬಣ್ಣ ಹೊಡೆಸಿ ಬಾಯಿ ಮುಚ್ಚಿಕೊಂಡಿರಿ ಎಂದು ಹೇಳುತ್ತಿದ್ದಾನೆಂಬುದು ತಿಳಿಯಿತು. ಬಣ್ಣದವನನ್ನು ಕರೆಸಿದೆ. ಎರಡು ಕೋಟು ಹೊಡೆದರೂ ಗೆರೆ ಮಸುಕಾಗಿ ಮೇಲೆದ್ದು ಬರುತ್ತಿತ್ತು, ಮೂರನೆಯದಕ್ಕೆ ಮುಚ್ಚಿತು. ಮಂಚವನ್ನು ಗುಜರಿಯವನಿಗೆ ಕೊಟ್ಟು, ಎಂಟು ಇಟ್ಟಿಗೆಗಳನ್ನು ನಾನೇ ಎರಡೆರಡಾಗಿ ಹೊತ್ತು ಹಿಂದಿನ ಖಾಲಿ ಸೈಟಿಗೆ ಹಾಕಿಬಂದೆ.

ಮನೆ ನೋಡಲು ನಾಲ್ಕೈದು ಮಂದಿ ಬಂದರು. ಕಂಪ್ಯೂಟರ್ ಆಫೀಸುಗಳ ಎಳೆಯ ದಂಪತಿಗಳೇ ಹೆಚ್ಚು. ನೆಲಮಹಡಿ ಎಂದ ಕೂಡಲೇ ಮುಖ ಸಣ್ಣದಾಗುತ್ತಿತ್ತು. ರಜೆ ಮುಗಿಯುತ್ತ ಬಂದಿತ್ತು. ಅಂಥ ಹೊತ್ತಿನಲ್ಲಿ ಆ ದರ್ಜಿ ಬಂದ.

ಐವತ್ತೈದರ ಆಸುಪಾಸಿನ ತೆಳ್ಳಗಿನ ಮನುಷ್ಯ. ವಡಪಳನಿಯ ಸ್ಟುಡಿಯೋಗಳಲ್ಲಿ ಸಿನಿಮಾದವರಿಗೆ ಬಟ್ಟೆ ಹೊಲಿಯುತ್ತಾನೆಂದು ಬ್ರೋಕರು ಹೇಳಿದ್ದ. ಜೊತೆಗೆ ಹೆಂಡತಿ ಬಂದಿದ್ದಳು. ಮನೆಯಲ್ಲಿ ಲಕ್ವ ಹೊಡೆದು ಮಲಗಿರುವ ಅವನ ತಾಯಿ ಇದ್ದಾರಂತೆ, ಮೆಟ್ಟಿಲು ಹತ್ತಿಸಲಾಗದು, ಅದಕ್ಕೇ ನೆಲಮಹಡಿ ಬೇಕು. ಮಾತೆಲ್ಲ ತಮಿಳಿನಲ್ಲಿ, ಮೇಲಿನ ಮನೆಯಾಕೆ ಮಧ್ಯೆ ನಿಂತು ಅತ್ತಿಂದಿತ್ತ ಹೇಳುತ್ತಿದ್ದರು. ಅವನು ಕಿಟಕಿ ತೆರೆದು ಮುಚ್ಚಿ ನೋಡಿ, ಬಚ್ಚಲಿನ ಬಾಗಿಲಿನ ಅಗಲವನ್ನು ಗೇಣಿನಲ್ಲಿ ಅಳೆದು, ಕೊನೆಗೆ ಏನೋ ಕೇಳಿದ.

"ಮಳೆಗಾಲದಲ್ಲಿ ತಣ್ಣಿ ಒಳಗೆ ಬರತ್ತಾ ಅಂತಾರೆ," ಎಂದು ಆಕೆ ನನ್ನ ಮುಖ ನೋಡಿದರು.

ಉತ್ತರ ಹುಡುಕಬೇಕಾಗಿರಲಿಲ್ಲ; ಎದುರಿನ ಗೋಡೆಯ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಆದರೂ ನಾನು, "ಇಲ್ಲ ಅನ್ನಿ. ಹೆಚ್ಚೆಂದರೆ ಮೆಟ್ಟಿಲ ತನಕ. ಒಳಗೆ ನೀರು ಬರಲ್ಲ" ಎಂದೆ.

 ಆಕೆ ಅವನ ಕಡೆ ತಿರುಗಿ ತಮಿಳಿನಲ್ಲಿ ವೇಗವಾಗಿ ಹೇಳಿದರು. ನಾನು ಹೇಳಿದ್ದಕ್ಕಿಂತ ಉದ್ದವಾಗಿತ್ತು. ಅವನು ಹೆಂಡತಿಯ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿ, ನನಗೆ ಕೈಮುಗಿದು, "ಸರಿ ಮಾ" ಎಂದ. ಒಪ್ಪಂದವಾಯಿತು. ಮಾರನೆಯ ದಿನ ಬೀಗದ ಕೈ ಕೊಟ್ಟು ರೈಲು ಹತ್ತಿದೆ. ಆಮೇಲೆ ಪ್ರತಿ ತಿಂಗಳೂ ಮನಿಯಾರ್ಡರು ತಪ್ಪದೆ ಬಂತು.

ನವೆಂಬರಿನಲ್ಲಿ ಪೇಪರಿನಲ್ಲಿ ಮದ್ರಾಸಿನ ಮಳೆಯ ಚಿತ್ರಗಳು ಬಂದವು. ಎರಡು ದಿನ ಫೋನು ಮಾಡಲು ಧೈರ್ಯವಾಗಲಿಲ್ಲ. ಮೂರನೆಯ ದಿನ ಅಯ್ಯಂಗಾರ್ ಹೆಂಗಸೇ ಶಾಲೆಗೆ ಫೋನು ಮಾಡಿದರು.

"ತಣ್ಣಿ ತೊಡೆ ತನಕ ಬಂತು ಮಾ. ಮಧ್ಯಾಹ್ನ, ಆ ಮನುಷ್ಯ ಸ್ಟುಡಿಯೋದಲ್ಲಿ ಮಾಟ್ಟಿಕೊಂಡ. ಮನೆಗೆ ಬರೋಕೆ ಬಸ್ಸೇ ಇಲ್ಲ. ನಾನೂ ಅವನ ಹೆಂಡ್ತಿಯೂ ಆ ಪಾಟಿಯನ್ನ, ಅವನ ಅಮ್ಮನನ್ನ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ತೂಕ್ಕಿಕೊಂಡು ಮೇಲೆ ಬಂದ್ವಿ. ಈಗ ನಮ್ಮ ಹಾಲಿನಲ್ಲೇ ಇದಾರೆ. ಜ್ವರ ಬಿಡ್ತಿಲ್ಲ. ನೀನು ಬಾ."

ಹೋದೆ. ಬೀದಿಯಲ್ಲಿ ಕೆಸರು ಕಣಕಾಲಿನವರೆಗೆ ಇನ್ನೂ ನಿಂತಿತ್ತು. ನನ್ನ ಮನೆಯ ಬಾಗಿಲು ಉಬ್ಬಿ ಮುಚ್ಚಲಾಗದೆ ತೆರೆದೇ ಇತ್ತು. ಅವನ ಹೊಲಿಗೆ ಯಂತ್ರ, ಅರ್ಧ ಹೊಲಿದ ಜರಿಯ ಅಂಗಿಗಳು ಎಲ್ಲ ಒಂದೇ ಬಣ್ಣವಾಗಿದ್ದವು. ಅವನ ಹೆಂಡತಿ ಕೂತು ಬಕೆಟ್ಟಿನಲ್ಲಿ ಕೆಸರು ಎತ್ತುತ್ತಿದ್ದಳು. ನಾನು ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತೆ. ಅವಳು ಇನ್ನೊಂದು ಚೆಂಬನ್ನು ನನ್ನ ಕಡೆ ತಳ್ಳಿದಳು.

ಮುದುಕಿ ಮೇಲಿನ ಮನೆಯ ಹಾಲಿನಲ್ಲಿ ಮೂರು ಕಂಬಳಿಗಳ ಕೆಳಗೆ ಇದ್ದಳು. ಎದೆಯಲ್ಲಿ ಗೊರಗೊರ. ಮರುದಿನ ಆಸ್ಪತ್ರೆಗೆ ಸೇರಿಸಿದರು. ಐದನೆಯ ದಿನ ತೀರಿಕೊಂಡಳು. ವಯಸ್ಸೂ ಆಗಿತ್ತು, ರೋಗವೂ ಹಳೆಯದು ಎಂದು ವೈದ್ಯರು ಹೇಳಿದರಂತೆ. ಆ ಮಾತು ಹಿಡಿದು ಬದುಕಬಹುದೆಂದು ನಾನು ಪ್ರಯತ್ನಿಸಿ ನೋಡಿದ್ದೇನೆ.

ಕರ್ಮಗಳು ಮುಗಿದ ಮೇಲೆ ದರ್ಜಿ ತಲೆ ಬೋಳಿಸಿಕೊಂಡು ಮೇಲಿನ ಮನೆಗೆ ಬಂದ. ಶಾಲೆಗೆ ರಜೆ ಹಾಕಿ ನಾನು ಅಲ್ಲೇ ಉಳಿದಿದ್ದೆ. ಎದ್ದು ನಿಂತು ಅಯ್ಯಂಗಾರ್ ಹೆಂಗಸಿಗೆ, "ಅವರಿಗೆ ಹೇಳಿ, ತಪ್ಪು ನನ್ನದು, ನೀರು ಬರುವುದು ನನಗೆ ಗೊತ್ತಿತ್ತು ಅಂತ" ಎಂದೆ.

ಆಕೆ ಬಾಯಿ ತೆರೆಯುವ ಮುಂಚೆ ಅವನೇ ಅಂದ: "ಗೊತ್ತಿದೆ ಮಾ. ನನಗೆ ಕನ್ನಡ ಅರ್ಥ ಆಗತ್ತೆ."

ಅವನು ಬಾಗಿಲ ಬಳಿ ನೆಲದ ಮೇಲೆ ಕೂತ.

"ಚಿಕ್ಕ ವಯಸ್ಸಲ್ಲಿ ಹತ್ತು ವರ್ಷ ಕನ್ನಡ ಪಿಕ್ಚರ್‌ಗೇ ಹೊಲಿದಿದೀನಿ. ಅವಾಗ ಎಲ್ಲ ಇಲ್ಲೇ ತೆಗೀತಿದ್ರು. ಅವತ್ತು ನೀವು ತಣ್ಣಿ ಬರಲ್ಲ ಅಂದ್ರಿ. ಈ ಅಮ್ಮ ತಮಿಳಲ್ಲಿ, ಹೋದ ವರ್ಷ ಮೊಣಕಾಲ್ ತನಕ ಬಂತು, ಯೋಚನೆ ಮಾಡಿ ತಗೊಳ್ಳಿ ಅಂದ್ರು. ಎರಡೂ ಕೇಳಿಸ್ತು. ನಾನು ಕನ್ನಡ ಮಾತಾಡಿದ್ರೆ ನಿಮಗೆ ಒಂದು ಥರ ಆಗೋದು, ಅದಕ್ಕೆ ಸುಮ್ನಿದ್ದೆ."

"ಗೊತ್ತಿದ್ದೂ ಯಾಕೆ ಬಂದಿರಿ?"

"ಸಿನಿಮಾದವನಿಗೆ ಯಾರು ಮನೆ ಕೊಡ್ತಾರೆ ಮಾ? ಮಲಗಿರೋ ಅಮ್ಮನನ್ನ ನೋಡಿದ್ರೆ, ಇಲ್ಲೇ ಸತ್ತೋಗ್ತಾಳೆ ಅಂತ ಬಾಗಿಲು ಹಾಕ್ತಾರೆ. ಹನ್ನೊಂದು ಮನೆ ನೋಡಿದ್ದೆ. ನೀವೊಬ್ಬರೇ ಅಮ್ಮನ ವಿಷಯ ಏನೂ ಕೇಳಲಿಲ್ಲ."

ಕೇಳದೇ ಇದ್ದದ್ದು ಕರುಣೆಯಿಂದಲ್ಲ, ನನ್ನ ಶಾಲೆ ಶುರುವಾಗುವುದಿತ್ತು ಎಂದು ಅವನಿಗೆ ಹೇಳಲಿಲ್ಲ. ಅಯ್ಯಂಗಾರ್ ಹೆಂಗಸು ಕಿಟಕಿಯ ಕಡೆ ನೋಡುತ್ತ, "ಅವರೆದುರಿಗೆ ನಿನ್ನನ್ನ ಸುಳ್ಳಿ ಮಾಡೋಕೆ ಮನಸ್ಸು ಬರಲಿಲ್ಲ ಮಾ. ಹಾಗಂತ ಪಾಟಿಯನ್ನ ನೀರಿಗೆ ಹಾಕೋಕೂ ಆಗಲಿಲ್ಲ" ಎಂದರು. ಅಷ್ಟು ತಿಂಗಳು ಫೋನಿನಲ್ಲಿ ನನ್ನೊಡನೆ ಅಕ್ಕನಂತೆ ಮಾತಾಡುತ್ತಿದ್ದವರು ಅವರು. ಇವನು ಪ್ರತಿ ಮನಿಯಾರ್ಡರಿನ ತುಂಡುಕಾಗದದಲ್ಲೂ 'ನಮಸ್ಕಾರ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸುತ್ತಿದ್ದವನು. ಇಬ್ಬರಿಗೂ ನಾನು ಎಂಥವಳೆಂದು ಮೊದಲ ದಿನವೇ ಗೊತ್ತಿತ್ತು.

ಆ ತಿಂಗಳ ಕೊನೆಗೆ ಅವರು ಮನೆ ಬಿಟ್ಟರು. ಅಡ್ವಾನ್ಸನ್ನು ಪೂರ್ತಿ ಹಿಂದಿರುಗಿಸಿದೆ. ಹೊಲಿಗೆ ಯಂತ್ರಕ್ಕೆಂದು ಹೆಚ್ಚಿಗೆ ಕೊಡಹೋದದ್ದನ್ನು ಅವನು ಮುಟ್ಟಲಿಲ್ಲ. ವಡಪಳನಿಯಲ್ಲಿ ಮೊದಲ ಮಹಡಿಯ ಒಂದು ಪೋರ್ಷನ್ ಸಿಕ್ಕಿತ್ತು. ಈಗ ಮೆಟ್ಟಿಲು ಹತ್ತಲಾಗದವರು ಯಾರೂ ಇರಲಿಲ್ಲ. ಆ ಮನೆಯ ಮಾಲೀಕರು ಹಿಂದಿನ ಓನರಿನಿಂದ ಒಂದು ಕಾಗದ ತನ್ನಿ ಎಂದಿದ್ದರಂತೆ. ಮೇಲಿನ ಮನೆಯ ಹಾಲಿನಲ್ಲಿ ಮರದ ಸ್ಟೂಲಿನ ಮೇಲೆ ಕಾಗದವಿಟ್ಟು ಇಂಗ್ಲಿಷಿನಲ್ಲಿ ಬರೆಯತೊಡಗಿದೆ: ಒಳ್ಳೆಯ ಕುಟುಂಬ, ಮನೆಯನ್ನು ಚೊಕ್ಕಟವಾಗಿ ಇಟ್ಟುಕೊಂಡಿದ್ದರು, ಬಾಡಿಗೆ ಒಂದು ದಿನವೂ ತಡವಾಗಲಿಲ್ಲ.

ಅವನು ಪಕ್ಕದಲ್ಲಿ ನಿಂತು ನೋಡುತ್ತಿದ್ದ.

"ಅಮ್ಮನ ವಿಷಯ ಬರೀಬೇಡಿ ಮಾ. ಸಾವಾದ ಮನೆಯವರು ಅಂತ ಗೊತ್ತಾದ್ರೆ ವರ್ಷ ತುಂಬೋ ತನಕ ಸೇರಿಸಲ್ಲ."

"ಕೇಳಿದರೆ?"

"ಊರಲ್ಲಿದಾರೆ, ತಲೆ ಕೊಟ್ಟಿದ್ದು ತಿರುಪತಿ ಹರಕೆಗೆ ಅಂತ ಹೇಳಿದೀನಿ. ನಿಮ್ಮ ಕಾಗದದಲ್ಲಿ ಎರಡೇ ಜನ ಅಂತ ಇದ್ರೆ ಸಾಕು."

ಗಂಡ, ಹೆಂಡತಿ, ಇಬ್ಬರೇ ಎಂದು ಬರೆದು ಸಹಿ ಹಾಕಿ ಕೊಟ್ಟೆ. ಅವನು ಮಸಿ ಒಣಗುವವರೆಗೆ ಕಾಗದವನ್ನು ಫ್ಯಾನಿನ ಕೆಳಗೆ ಹಿಡಿದುಕೊಂಡಿದ್ದು, ನಾಲ್ಕಾಗಿ ಮಡಿಸಿ ಜೇಬಿನಲ್ಲಿಟ್ಟುಕೊಂಡ. ಕೆಳಗೆ ಅವನ ಹೆಂಡತಿ ಆಟೋದಲ್ಲಿ ಪಾತ್ರೆಗಳ ನಡುವೆ ಕೂತು ಕಾಯುತ್ತಿದ್ದಳು.